ಎರಡಾಣೆಗಿಂತ ಸ್ವಲ್ಪ ಹೆಚ್ಚು

ಎಂಟುನೂರು ಜೋಳದ ತೆನೆಗಳಲ್ಲಿ ಫೀಸದಿ ಹನ್ನೆರಡೂವರೆ ತೆನೆಗಳನ್ನು ಹಕ್ಕಿ ತಿಂದುಹೋದರೆ, ಹಾಳಾದ ತೆನೆ ಎಷ್ಟು? ನಾನು ಕೇಳಿದ್ದು ಇಷ್ಟೇ. ಕಮಲಾಪುರದ ಹೆಣ್ಣುಮಕ್ಕಳ ಶಾಲೆಯ ನಾಲ್ಕನೇ ಇಯತ್ತೆಯಲ್ಲಿ ಇದ್ದವರೇ ನಾಲ್ಕು ಹುಡುಗಿಯರು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಂದೇ ಉತ್ತರ ಕೊಟ್ಟರು: ತೊಂಬತ್ತಾರೂವರೆ.

ಫೀಸದಿ ಎಂದರೆ ನೂರಕ್ಕೆ ಇಷ್ಟು ಎಂದು ಅವರಿಗೆ ಗೊತ್ತಿತ್ತು. ನೂರಕ್ಕೆ ಹನ್ನೆರಡಾದರೆ ಎಂಟುನೂರಕ್ಕೆ ತೊಂಬತ್ತಾರು, ಅಲ್ಲಿಯವರೆಗೆ ಸರಿಯಾಗಿಯೇ ಬಂದಿದ್ದರು. ಆದರೆ ಒಂದೊಂದು ನೂರಕ್ಕೂ ಒಂದೊಂದು ಅರ್ಧ ಸೇರಬೇಕಲ್ಲ. ಎಂಟು ಅರ್ಧ ಸೇರಿದರೆ ನಾಲ್ಕು, ಒಟ್ಟು ನೂರು ತೆನೆ. ಇವರು ಆ ಅರ್ಧವನ್ನು ಕೊನೆಯತನಕ ಕೈಯಲ್ಲಿ ಹಿಡಿದುಕೊಂಡು ಬಂದು, ಉತ್ತರದ ಹಿಂದೆ ಒಂದೇ ಸಲ ಅಂಟಿಸಿಬಿಟ್ಟಿದ್ದರು.

"ಅರ್ಧ ತೆನಿ ಎಲ್ಲಿಂದ ಬಂತ?" ಎಂದೆ.

"ಹಕ್ಕಿ ಅರ್ಧ ತಿಂದು ಹಾರಿ ಹೋಗ್ಯಾದ್ರಿ ಅಕ್ಕೋರ" ಎಂದಳು ಬಾಳೆತೋಟದವರ ಹುಡುಗಿ.

ಉಳಿದ ಮೂವರು ಕಿಸಕ್ಕನೆ ನಕ್ಕರು. ನನಗೂ ನಗು ಬಂತು, ಆದರೆ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಕ್ಕರೆ ಈ ಹುಡುಗಿಯರು ಆ ಅರ್ಧವನ್ನು ಹಾಗೆಯೇ ಪರೀಕ್ಷೆಗೂ ಎತ್ತಿಕೊಂಡು ಹೋಗುವವರು.

ಅದರ ಹಿಂದಿನ ವಾರವಷ್ಟೇ ನನ್ನನ್ನು ಕಲಬುರಗಿಯ ತಾಲೀಮಾತ್ ಕಚೇರಿಗೆ ಕರೆಸಿದ್ದರು. ನಿಜಾಮರ ಸರ್ಕಾರದಲ್ಲಿ ಶಾಲೆಗಳ ಉಸ್ತುವಾರಿಯೆಲ್ಲ ಆ ಕಚೇರಿಯದು. ಅಲ್ಲಿನ ಸಾಹೇಬರು ಒಳ್ಳೆಯ ನಡತೆಯವರು, ಎತ್ತರದ ದನಿಯಲ್ಲಿ ಮಾತನಾಡಿದವರಲ್ಲ. ಉರ್ದು ಅವರ ಮನೆಮಾತು. ನಮ್ಮಂಥವರ ಜೊತೆ ಅದರಲ್ಲಿ ಕನ್ನಡ ಬೆರೆಸಿ ಆಡುತ್ತಿದ್ದರು; ಶಾಲೆಗೆ ಮದರಸಾ, ಇಯತ್ತೆಗೆ ಜಮಾತ್, ಲೆಕ್ಕಕ್ಕೆ ಹಿಸಾಬ್, ಅಕ್ಕೋರಿಗೆ ಉಸ್ತಾನಿ. ನನ್ನನ್ನು ಕೂರಿಸಿ, ನೀರು ತರಿಸಿ ಕೊಟ್ಟು, ಆಮೇಲೆ ತಲೆಯ ಮೇಲೆ ಕಲ್ಲು ಹಾಕಿದರು.

"ಉಸ್ತಾನಿಜಿ, ಹೋದ ಸಾಲ ನಿಮ್ಮ ಚೌಥಿ ಜಮಾತ್ ಪೂರಾ ಹಿಸಾಬದಾಗ ಫೇಲ್ ಆಗ್ಯಾದ. ಈ ಸಾಲ ನಾಲ್ಕಕ್ಕ ನಾಲ್ಕೂ ಹುಡುಗೇರು ಪಾಸಾದ್ರ ಜಮಾತ್ ಇರತದ. ಒಬ್ಬಾಕಿ ಬಿದ್ರೂ ಬಂದ್. ಆ ಊರಿಗೆ ಮೂರನೇ ಜಮಾತ್ ತನಕ ಸಾಕು ಅಂತ ಮ್ಯಾಲ ಬರದು ಕಳಸ್ತೀನಿ."

ಹೋದ ವರ್ಷ ಆ ಶಾಲೆಯಲ್ಲಿ ಇದ್ದವಳು ನಾನಲ್ಲ. ಅದನ್ನು ಹೇಳಿ ಪ್ರಯೋಜನವಿರಲಿಲ್ಲ. ಆದರೂ ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ.

"ಹುಡುಗರ ಮದರಸಾದಾಗ ಒಬ್ಬಾಂವ ಬಿದ್ರ ಜಮಾತ್ ಬಂದ್ ಮಾಡ್ತೀರೇನ್ರಿ ಸಾಹೇಬ್ರ?"

ಸಾಹೇಬರು ಸಿಟ್ಟಾಗಲಿಲ್ಲ. "ಅಲ್ಲಿ ನಲವತ್ತು ಮಂದಿ ಕೂಡತಾರ. ನಿಮ್ಮಲ್ಲಿ ನಾಲ್ಕು. ನಾಲ್ಕು ಹುಡುಗೇರಿಗೊಂದು ಜಮಾತ್ ನಡಸ್ಬೇಕಂದ್ರ ನಾನು ಮ್ಯಾಲಿನವರಿಗೆ ಏನರೆ ತೋರಸ್ಬೇಕಲ್ಲ" ಎಂದರು. ನಾನು ಕೈಮುಗಿದು ಎದ್ದೆ. ಬಾಗಿಲ ಬಳಿಯ ಗುಮಾಸ್ತ ಮಾತ್ರ ನಾನು ಹೊರಗೆ ಬರುವಾಗ, "ಹೆಣ್ಣಮಕ್ಕಳಿಗೆ ಭಿನ್ನರಾಶಿ ಯಾಕ ಬೇಕ್ರಿ, ಸೂಜಿ ದಾರ ಕೊಡ್ರಿ" ಎಂದ. ಆ ಮಾತು ಕಮಲಾಪುರದವರೆಗೂ ಮೋಟಾರಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬಂತು.

ನಾಲ್ಕನೇ ಇಯತ್ತೆ ಮುಚ್ಚಿದರೆ ಈ ನಾಲ್ವರು ಮನೆಗೆ ಹೋಗುತ್ತಾರೆ, ಅಷ್ಟೇ ಅಲ್ಲ. ಅವರ ಹಿಂದೆ ಬರುವ ಯಾವ ಹುಡುಗಿಗೂ ಆ ಊರಲ್ಲಿ ಮೂರನೆಯದರ ಆಚೆ ಪುಸ್ತಕ ಇರುವುದಿಲ್ಲ. ಗಾಣದವರ ಹುಡುಗಿಯ ಅಜ್ಜಿ ಆಗಲೇ ಎರಡು ಸಲ ಶಾಲೆಯ ಬಾಗಿಲಿಗೆ ಬಂದು, "ಮೂರು ಓದ್ಯಾಳ, ಸಾಕಲ್ಲವಾ, ಬೀಗರು ಕೇಳಾಕತ್ತಾರ" ಎಂದು ಹೇಳಿ ಹೋಗಿದ್ದಳು. ಈ ಸಲ ಪಾಸಾಗಲಿ, ಆಮೇಲೆ ಮಾತಾಡೋಣ ಎಂದು ನಾನು ಅವಳನ್ನು ತಡೆದು ನಿಲ್ಲಿಸಿದ್ದೆ.

ಲೆಕ್ಕದ ಪುಸ್ತಕದಲ್ಲಿದ್ದ ವಿಧಾನ ಒಂದೇ. ಮೊದಲು ಮಿಶ್ರ ಭಿನ್ನರಾಶಿಯನ್ನು ಒಡೆಯಬೇಕು. ಹನ್ನೆರಡೂವರೆ ಎಂದರೆ ಹನ್ನೆರಡನ್ನು ಎರಡರಿಂದ ಗುಣಿಸಿ ಒಂದು ಕೂಡಿಸು, ಇಪ್ಪತ್ತೈದು, ಕೆಳಗೆ ಎರಡು. ಫೀಸದಿ ಆದ್ದರಿಂದ ಅದನ್ನು ಮತ್ತೆ ನೂರರಿಂದ ಭಾಗಿಸು, ಇಪ್ಪತ್ತೈದು ಮೇಲೆ, ಇನ್ನೂರು ಕೆಳಗೆ. ಎರಡನ್ನೂ ಇಪ್ಪತ್ತೈದರಿಂದ ಹೊಡೆದರೆ ಎಂಟರಲ್ಲಿ ಒಂದು ಭಾಗ. ಎಂಟುನೂರರ ಎಂಟನೇ ಒಂದು ಭಾಗ ನೂರು. ದಾರಿ ನೆಟ್ಟಗೇ ಇತ್ತು, ತಪ್ಪೇನೂ ಇರಲಿಲ್ಲ.

ನಮ್ಮ ಶಾಲೆ ಇದ್ದದ್ದು ಒಬ್ಬ ಗೌಡರ ಖಾಲಿ ಪಡಸಾಲೆಯಲ್ಲಿ. ನೆಲಕ್ಕೆಲ್ಲ ಶಾಬಾದಿ ಕಲ್ಲು. ಪಾಟಿ ಸಾಲದೆ ಬಂದಾಗ ನಾನು ಒಬ್ಬೊಬ್ಬಳಿಗೂ ಒಂದೊಂದು ಕಲ್ಲು ಹಂಚಿಕೊಟ್ಟಿದ್ದೆ, ಬಳಪ ಹಿಡಿದು ಅದರ ಮೇಲೇ ಬರೆಯಬೇಕು. ವಾರಗಟ್ಟಲೆ ಆ ಕಲ್ಲುಗಳ ಮೇಲೆ ನಾವು ಭಿನ್ನರಾಶಿ ಒಡೆದೆವು. ದರ್ಜಿಯವರ ಹುಡುಗಿ ಕೆಳಗಿನ ನೂರನ್ನು ಮೇಲೆ ಬರೆಯುವಳು. ಗೌಡರ ಮನೆಯ ಹುಡುಗಿ ಎಲ್ಲ ಸರಿ ಮಾಡಿ ಕೊನೆಯಲ್ಲಿ ನೂರನ್ನೇ ಮರೆಯುವಳು, ಅವಳ ಉತ್ತರ ಸಾವಿರ ಹತ್ತುಸಾವಿರದಲ್ಲಿ ಬರುತ್ತಿತ್ತು. ಎಂಟುನೂರು ತೆನೆಯಲ್ಲಿ ಹತ್ತುಸಾವಿರ ತೆನೆ ಹಾಳು! ಅದನ್ನು ಬರೆದು ಅವಳು ಶಾಂತವಾಗಿ ಬಳಪ ಕೆಳಗಿಡುತ್ತಿದ್ದಳು. ಗಾಣದವರ ಹುಡುಗಿ ಬರೆಯುವ ಮೊದಲೇ ಅಳಿಸಲು ಅಂಗೈ ಸಿದ್ಧಮಾಡಿಕೊಂಡು ಕೂರುವಳು. ಅವಳ ಬಾಯಿಂದ ಒಂದು ಉತ್ತರ ಹೊರಡಿಸಬೇಕಾದರೆ ನನಗೆ ಸಾಕುಸಾಕಾಗುತ್ತಿತ್ತು.

ಒಂದು ದಿನ ನನ್ನ ತಾಳ್ಮೆ ಮುಗಿಯಿತು. ನನಗೆ ತಾಳ್ಮೆ ಇದ್ದದ್ದೇ ಸ್ವಲ್ಪ. ಬಳಪ ಎಸೆದು ಕೂಗಿದೆ: "ನಿಮ್ಮ ತಲಿ ಎರಡಾಣೆ ಸೈತ ಕೆಲಸ ಮಾಡಂಗಿಲ್ಲ ನೋಡ್ರಿ!"

ತೋಟದವರ ಹುಡುಗಿಗೆ ರೋಷ ಬಂತು. "ಎರಡಾಣೆ ಅನಬ್ಯಾಡ್ರಿ ಅಕ್ಕೋರ. ನಾಲ್ಕಾಣೆ ಅನ್ರಿ. ನಾ ಹತ್ತು ಲೆಕ್ಕದಾಗ ಎರಡೂವರಿ ಸರಿ ಮಾಡೀನಿ."

"ಎರಡೂವರಿ ಹೆಂಗ ಮಾಡ್ತಿ?"

"ಒಂದು ಲೆಕ್ಕ ಅರ್ಧ ಸರಿ ಇತ್ತಲ್ರಿ."

ಹತ್ತರಲ್ಲಿ ಎರಡೂವರೆ ನಾಲ್ಕಾಣೆ. ಸರಿಯಾಗಿ ನಾಲ್ಕಾಣೆ. ಇದನ್ನು ಅವಳು ಬಳಪ ಮುಟ್ಟದೆ ಹೇಳಿದ್ದಳು. ನಾನು ಅಲ್ಲೇ ಕೂತುಬಿಟ್ಟೆ.

ನಮ್ಮ ಕಡೆ ಎಲ್ಲವನ್ನೂ ಆಣೆಯಲ್ಲೇ ಹೇಳುತ್ತಾರೆ. ಹದಿನಾರಾಣೆ ಎಂದರೆ ಪೂರ್ತಿ. ಬೆಳೆ ಹನ್ನೆರಡಾಣೆ ಬಂದಿದೆ, ಕೆರೆ ಆರಾಣೆ ತುಂಬಿದೆ, ಅವನು ಹೇಳಿದ್ದು ಹದಿನಾರಾಣೆ ಖರೆ, ಇವನು ಹೇಳಿದ್ದರಲ್ಲಿ ಎಂಟಾಣೆ ಸುಳ್ಳು. ಇದು ದುಡ್ಡಿನ ಮಾತಲ್ಲ, ಪಾಲಿನ ಮಾತು. ತೊಟ್ಟಿಲ ಕೂಸು ಬಿಟ್ಟರೆ ಮಿಕ್ಕವರೆಲ್ಲರ ಬಾಯಲ್ಲೂ ಅದು ಸಲೀಸು. ಪೂರ್ತಿಯನ್ನು ಪುಸ್ತಕ ನೂರು ಎನ್ನುತ್ತದೆ, ನನ್ನ ಹುಡುಗಿಯರು ಹದಿನಾರು ಎನ್ನುತ್ತಾರೆ. ನೂರನ್ನು ಹದಿನಾರು ಪಾಲು ಮಾಡಿದರೆ ಒಂದು ಪಾಲು ಆರೂಕಾಲು. ಹಾಗಾದರೆ ಫೀಸದಿ ಆರೂಕಾಲು ಎಂದರೆ ಒಂದಾಣೆ. ಹನ್ನೆರಡೂವರೆ ಎಂದರೆ ಎರಡಾಣೆ. ಹದಿನೆಂಟೂ ಮುಕ್ಕಾಲು ಮೂರಾಣೆ. ಮೂವತ್ತೇಳೂವರೆ ಆರಾಣೆ. ಪುಸ್ತಕದಲ್ಲಿ ನಮ್ಮನ್ನು ಕಾಡುತ್ತಿದ್ದ ಅರ್ಧ, ಕಾಲು, ಮುಕ್ಕಾಲುಗಳೆಲ್ಲ ಒಂದೇ ಏಟಿಗೆ ಮಾಯ!

"ಎಂಟುನೂರು ತೆನಿ ಅವ. ಎರಡಾಣೆ ಹಾಳಾದ್ರ ಎಷ್ಟ?" ಎಂದೆ.

"ನೂರ್ರಿ" ಎಂದರು ಮೂವರು ಒಟ್ಟಿಗೆ. ಗಾಣದವರ ಹುಡುಗಿ ತುಟಿ ಅಲುಗಿಸಿದಳು, ದನಿ ಹೊರಡಲಿಲ್ಲ. ತುಟಿ ಹೇಳಿದ್ದು ನೂರೇ.

ನನಗೆ ಆ ಹೊತ್ತು ಆದ ಸಂತೋಷ ಹೇಳಿದರೆ ನಂಬುತ್ತೀರೋ ಇಲ್ಲವೋ, ಎದ್ದು ಪಡಸಾಲೆಯ ಉದ್ದಕ್ಕೂ ಎರಡು ಸಲ ನಡೆದಾಡಿದೆ. ಹುಡುಗಿಯರು ಅಕ್ಕೋರಿಗೆ ಏನೋ ಆಗಿದೆ ಎಂದು ನೋಡುತ್ತ ಕೂತರು. ಗುಮಾಸ್ತನ ಸೂಜಿ ದಾರವನ್ನು ನಾನು ಅವತ್ತು ಮನಸ್ಸಿನಲ್ಲೇ ಅವನ ಕೈಗೆ ವಾಪಸು ಕೊಟ್ಟೆ.

ಮುಂದೆ ಮೂರರ ಭಾಗಗಳು ಬಂದವು. ಫೀಸದಿ ಮೂವತ್ತಮೂರು ಮತ್ತು ಮೂರರಲ್ಲೊಂದು. ಫೀಸದಿ ಹದಿನಾರು ಮತ್ತು ಮೂರರಲ್ಲೆರಡು. ಹದಿನಾರಾಣೆಯನ್ನು ಮೂರು ಪಾಲು ಮಾಡಿದರೆ ಐದಾಣೆ ಬಂದು ಒಂದಾಣೆ ಉಳಿಯುತ್ತದೆ. ಇಲ್ಲಿಗೆ ನಮ್ಮ ಬಂಡಿ ನಿಂತಿತು ಎಂದುಕೊಂಡೆ. ದರ್ಜಿಯವರ ಹುಡುಗಿ ಬಟ್ಟೆ ಮಡಚುವ ಹಾಗೆ ಸೆರಗಿನ ತುದಿಯನ್ನು ಮೂರು ಮಡಿಕೆ ಮಾಡಿ ನೋಡುತ್ತಿದ್ದವಳು, "ಆಣೆಕ್ಕ ಹನ್ನೆರಡು ಪೈ ಅಲ್ಲೇನ್ರಿ? ಉಳದ ಆಣೆ ಮುರದ್ರ ನಾಕು ನಾಕು ಪೈ" ಎಂದಳು. ಐದಾಣೆ ನಾಲ್ಕು ಪೈ ಎಂದರೆ ಮೂರರಲ್ಲೊಂದು. ಅದರ ಅರ್ಧ ಎರಡಾಣೆ ಎಂಟು ಪೈ, ಆರರಲ್ಲೊಂದು. ಬಂಡಿ ಮತ್ತೆ ಹೊರಟಿತು.

ಹೊರಟ ಬಂಡಿ ಬಾಳೆಹಣ್ಣಿನ ಮೇಲೆ ಹತ್ತಿ ಜಾರಿತು. ಎಂಟುನೂರು ಬಾಳೆಹಣ್ಣಿನಲ್ಲಿ ಫೀಸದಿ ಮೂವತ್ತೇಳೂವರೆ ಕೊಳೆತುಹೋದರೆ ಒಳ್ಳೆಯ ಹಣ್ಣು ಎಷ್ಟು ಉಳಿದವು ಎಂದು ಕೇಳಿದ್ದೆ. ಆರಾಣೆ ಹೋದರೆ ಹತ್ತಾಣೆ ಉಳಿಯುತ್ತದೆ, ಐನೂರು ಹಣ್ಣು. ಬಹಳ ಸುಲಭದ ಲೆಕ್ಕ. ನಾಲ್ವರ ಕಲ್ಲಿನ ಮೇಲೂ ಐನೂರ ಇಪ್ಪತ್ತೈದು ಎಂದಿತ್ತು. ಒಬ್ಬಳು ತಪ್ಪಿದರೆ ಅವಳ ತಪ್ಪು, ನಾಲ್ವರೂ ಒಂದೇ ತಪ್ಪು ಮಾಡಿದರೆ ನೋಡಿ ಬರೆದಿದ್ದಾರೆ ಎಂದು ಅರ್ಥ. ನಾನು ಕಿವಿ ಹಿಂಡಲು ಕೈ ಚಾಚಿದೆ.

"ಹಿಂಡಬ್ಯಾಡ್ರಿ, ಲೆಕ್ಕ ಸರಿ ಅದ" ಎಂದಳು ತೋಟದವರ ಹುಡುಗಿ. "ಎಂಟುನೂರು ಬಾಳಿಹಣ್ಣಂದ್ರ ಎಂಟುನೂರಾ ನಲವತ್ತಲ್ಲೇನ್ರಿ?"

ಕಮಲಾಪುರದ ಕೆಂಪು ಬಾಳೆ ಗೊತ್ತಿರುವವರಿಗೆ ಅಲ್ಲಿನ ತೋಟದ ಎಣಿಕೆಯೂ ಗೊತ್ತಿರಬಹುದು. ಕೈಗೆ ಐದೈದು ಹಣ್ಣು ಎತ್ತಿಡುತ್ತಾರೆ. ಇಪ್ಪತ್ತು ಸಲ ಎತ್ತಿಟ್ಟರೆ ನೂರು. ಆದರೆ ಯಾವ ತೋಟದವನೂ ಇಪ್ಪತ್ತಕ್ಕೆ ಕೈ ನಿಲ್ಲಿಸುವುದಿಲ್ಲ, ಇಪ್ಪತ್ತೊಂದನೆಯ ಸಲವೂ ಎತ್ತಿಟ್ಟು ಕೊಸರು ಎನ್ನುತ್ತಾನೆ. ಕೊಸರು ಬಿಟ್ಟರೆ ಮರ್ಯಾದೆ ಹೋಯಿತು. ಹಾಗಾಗಿ ಆ ಊರ ನೂರು ಬಾಳೆಹಣ್ಣು ಎಂದರೆ ನೂರಾ ಐದು. ಎಂಟುನೂರಾ ನಲವತ್ತರಲ್ಲಿ ಹತ್ತಾಣೆ ಎಂದರೆ ಐನೂರ ಇಪ್ಪತ್ತೈದೇ. ಗುಣಾಕಾರದಲ್ಲಿ ಒಂದು ಕೂದಲಿನಷ್ಟೂ ತಪ್ಪಿಲ್ಲ. ಕಲಬುರಗಿಯಲ್ಲಿ ಹುಟ್ಟಿ ಬೆಳೆದ ನನಗೆ ಇದು ತಿಳಿಯದೆ ಹೋಗಿತ್ತು. ನಾನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಪುಸ್ತಕದ ತೋಟದಲ್ಲಿ ಯಾರೂ ಕೊಸರು ಕೊಡುವುದಿಲ್ಲ ಎಂದು ಅವರಿಗೆ ತಿಳಿಸಿ ಹೇಳಿದೆ.

"ಎಂಥಾ ಜಿಪುಣ ಮಂದಿರಿ" ಎಂದಳು ಅವಳು.

ನಡುವೆ ಒಮ್ಮೆ ಬಳಪ, ಪುಸ್ತಕ ತರಲು ಕಲಬುರಗಿಗೆ ಹೋದಾಗ ನಾನು ಮೊದಲು ಓಡಿದ್ದು ಬ್ರಹ್ಮಪುರದಲ್ಲಿದ್ದ ನನ್ನ ಹಿರಿಯ ಅಕ್ಕೋರ ಮನೆಗೆ. ನನಗೆ ಲೆಕ್ಕ ಕಲಿಸಿದವರು ಅವರೇ. ಆಗಿನ್ನೂ ನಗರದ ದೊಡ್ಡ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದರು. ಅವರ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನನ್ನ ಆಣೆಯ ವಿಧಾನವನ್ನು ಹೆಮ್ಮೆಯಿಂದ ಹೇಳಿದೆ. ಪೂರ್ತಿ ಹೇಳಲು ಬಿಟ್ಟು, ರೊಟ್ಟಿ ತಿರುವಿ ಹಾಕಿ ಕೇಳಿದರು:

"ಛಲೋ ಅದವಾ. ಫೀಸದಿ ಏಳೂವರಿ ಎಷ್ಟಾಣೆ ಆಯ್ತ?"

ಒಂದಾಣೆ ಎಂದರೆ ಆರೂಕಾಲು. ಉಳಿದದ್ದು ಒಂದೂಕಾಲು. ಅದಕ್ಕೆ ಎಷ್ಟು ಪೈ? ಎರಡು ಪೈ ಬಂದು, ಇನ್ನೂ ಸ್ವಲ್ಪ ಉಳಿಯಿತು. ಆ ಸ್ವಲ್ಪಕ್ಕೆ ಪೈಯಲ್ಲಿ ಹೆಸರಿಲ್ಲ. ನಾನು ಬೆರಳು ಮಡಚುತ್ತ ಕೂತೆ, ಅವರು ಎರಡು ರೊಟ್ಟಿ ಬೇಯಿಸಿ ಮುಗಿಸಿದರು.

"ಏಳರ ಭಾಗ ಕೇಳಿದ್ರ ಏನ್ ಮಾಡ್ತಿ? ಒಂಬತ್ತರ ಭಾಗ? ನಿನ್ನ ಏಣ್ಯಾಗ ನಡಕ ನಡಕ ಮೆಟ್ಟ ಇಲ್ಲ. ಸಾಹೇಬ ಹುಷಾರ್ ಇದ್ದಾನ, ಮೆಟ್ಟ ಇಲ್ಲದಲ್ಲೇ ಕಾಲಿಡು ಅಂತಾನ" ಎಂದರು.

ಅವರ ಮೇಲೆ ಸಿಟ್ಟೂ ಬಂತು, ಅವರು ಹೇಳಿದ್ದು ಸರಿ ಎಂದು ಗೊತ್ತಿದ್ದರಿಂದ ಇನ್ನಷ್ಟು ಬಂತು. ಪುಸ್ತಕದ ದಾರಿ ಎಲ್ಲಿಗಾದರೂ ಹೋಗುತ್ತದೆ, ಆದರೆ ನನ್ನ ಹುಡುಗಿಯರು ಅದರಲ್ಲಿ ದಾರಿ ತಪ್ಪುತ್ತಾರೆ. ಆಣೆಯಲ್ಲಿ ಅವರು ದಾರಿ ತಪ್ಪುವುದಿಲ್ಲ, ಆದರೆ ಅದು ಎಲ್ಲ ಕಡೆಗೂ ಹೋಗುವುದಿಲ್ಲ. ಪರೀಕ್ಷೆ ಹತ್ತಿರ ಬರುತ್ತಿತ್ತು. ಒಂದನ್ನು ಬಿಟ್ಟು ಒಂದನ್ನು ಹಿಡಿಯಬೇಕು ಎಂದೇ ಕಮಲಾಪುರ ಬರುವವರೆಗೂ ನಾನು ಯೋಚಿಸುತ್ತಿದ್ದೆ.

ಮೋಟಾರು ಇಳಿಯುವ ಹೊತ್ತಿಗೆ ಗೌಡರ ಮನೆಯ ಹುಡುಗಿಯ ಹತ್ತುಸಾವಿರ ತೆನೆ ನೆನಪಾಯಿತು. ಅವಳಿಗೆ ಗುಣಿಸಲು ಬರುತ್ತಿರಲಿಲ್ಲ ಎಂದಲ್ಲ. ಉತ್ತರ ಸುಮಾರು ಎಲ್ಲಿ ಬರಬೇಕು ಎಂಬ ಅಂದಾಜು ಇರಲಿಲ್ಲ. ಆ ಅಂದಾಜು ಕೊಡುವುದಕ್ಕೆ ಆಣೆಗಿಂತ ಒಳ್ಳೆಯದು ಏನಿದೆ? ಏಣಿಯಲ್ಲಿ ನಡುವೆ ಮೆಟ್ಟಿಲಿಲ್ಲದಿದ್ದರೂ ಮೇಲಿನ ಮೆಟ್ಟಿಲು ಕೆಳಗಿನ ಮೆಟ್ಟಿಲು ಇದ್ದೇ ಇರುತ್ತವಲ್ಲ. ಏಳೂವರೆ ಒಂದಾಣೆಗಿಂತ ಹೆಚ್ಚು, ಎರಡಾಣೆಗಿಂತ ಕಡಿಮೆ. ಉತ್ತರ ಆ ಎರಡರ ನಡುವೆ ಬರಲೇಬೇಕು. ಲೆಕ್ಕ ಮಾಡುವುದು ಪುಸ್ತಕದ ದಾರಿಯಲ್ಲಿ, ಕಾವಲಿಗೆ ಆಣೆ. ಹೀಗೆ ತೀರ್ಮಾನ ಮಾಡಿದೆ.

ಹುಡುಗಿಯರಿಗೆ ಇದು ಒಂದು ಚೂರೂ ಹಿಡಿಸಲಿಲ್ಲ. "ಮತ್ತ ಪುಸ್ತಕಾನೇ ಮಾಡೂದಾದ್ರ ಆಣೆ ಯಾಕ ಕಲಿಸಿದ್ರಿ?" ಎಂದು ತೋಟದವರ ಹುಡುಗಿ ಬಳಪ ಕೆಳಗಿಟ್ಟು ಕೈಕಟ್ಟಿ ಕೂತಳು. ಉಳಿದವರೂ ಕೈಕಟ್ಟಿದರು. ನಾಲ್ಕು ಜನರ ಇಯತ್ತೆಯಲ್ಲಿ ನಾಲ್ವರೂ ಮುನಿಸಿಕೊಂಡರೆ ಗೋಡೆಗೆ ಪಾಠ ಮಾಡಬೇಕು.

ನಾನು ಬೈಯಲಿಲ್ಲ. ಫೀಸದಿ ಏಳೂವರೆಯ ಒಂದು ಲೆಕ್ಕ ಕೊಟ್ಟು, ಆಣೆಯಲ್ಲೇ ಮಾಡಿ ತೋರಿಸಿ ಎಂದೆ. ನಾಲ್ಕು ಕಲ್ಲುಗಳೂ ಪೈಗಳಿಂದ ತುಂಬಿದವು. ಊಟದ ಹೊತ್ತಾಯಿತು, ಊಟಕ್ಕೂ ಏಳಲಿಲ್ಲ. ಕೊನೆಗೆ ತೋಟದವರ ಹುಡುಗಿ ಹಣೆಗೆ ಬಳಪದ ಪುಡಿ ಬಳಿದುಕೊಂಡು, "ಮುಗೀವಲ್ದರಿ ಇದು, ಪೈಯಾಗೂ ಚೂರು ಉಳೀತದ" ಎಂದು ಒಪ್ಪಿಕೊಂಡಳು. ಆಮೇಲೆ ಹೊಸ ನಿಯಮ ಹೇಳಿದೆ. ಯಾವ ಲೆಕ್ಕವೇ ಆಗಲಿ, ಉತ್ತರ ಎಷ್ಟಾಣೆಯಿಂದ ಎಷ್ಟಾಣೆಯ ನಡುವೆ ಎಂದು ಬಾಯಿ ಹೇಳುವವರೆಗೆ ಬಳಪ ಕಲ್ಲು ಮುಟ್ಟಬಾರದು. ಲೆಕ್ಕ ಮುಗಿದ ಮೇಲೆ ಉತ್ತರ ಆ ನಡುವೆ ಬಿದ್ದಿದೆಯೇ ನೋಡಬೇಕು. ಬಿದ್ದಿಲ್ಲವಾದರೆ ನನ್ನನ್ನು ಕೇಳದೆ ಅಳಿಸಬೇಕು.

ಗಾಣದವರ ಹುಡುಗಿಗೆ ಈ ನಿಯಮ ಹೇಳಿ ಮಾಡಿಸಿದಂತಿತ್ತು. ಅಳಿಸುವುದು ಅವಳಿಗೆ ಮೊದಲಿನಿಂದಲೂ ಅಭ್ಯಾಸ. ಈಗ ಅವಳಿಗೆ ಯಾವುದನ್ನು ಅಳಿಸಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯತೊಡಗಿತು. ಆದರೆ ದನಿ ಮಾತ್ರ ಮೊದಲಿನಷ್ಟೇ ಸಣ್ಣದು. ಅವಳ ಅಂದಾಜು ಕೇಳಲು ನಾನು ಅವಳ ಬಾಯಿಯ ಹತ್ತಿರ ಬಗ್ಗಬೇಕಿತ್ತು.

ಪರೀಕ್ಷೆಗೆ ನಾಲ್ವರನ್ನೂ ಕಲಬುರಗಿಗೆ ಕರೆದುಕೊಂಡು ಹೋದೆ. ಗಾಣದವರ ಅಜ್ಜಿಯೂ ಹೊರಟಳು. ಮೊಮ್ಮಗಳನ್ನು ಮೋಟಾರು ಎಲ್ಲಿಗೆ ಒಯ್ಯುತ್ತದೋ ನೋಡಬೇಕಂತೆ. ದಾರಿಯಲ್ಲಿ ಹುಡುಗಿಯರು ಕಂಡ ಕಂಡದ್ದಕ್ಕೆಲ್ಲ ಆಣೆ ಹೇಳುತ್ತ ಬಂದರು. ಆ ಹೊಲ ಒಂಬತ್ತಾಣೆ ರಾಶಿಯಾಗಿದೆ, ಈ ಮೋಟಾರು ಹದಿನೆಂಟಾಣೆ ತುಂಬಿದೆ. ಡ್ರೈವರ್ ಹಿಂದೆ ತಿರುಗಿ ನಕ್ಕ.

ಪರೀಕ್ಷೆ ನಡೆದದ್ದು ದೊಡ್ಡ ಶಾಲೆಯ ಹಜಾರದಲ್ಲಿ. ಸಾಹೇಬರು ಮೇಜಿನ ಹಿಂದೆ, ನಾನು ಗೋಡೆಗೆ ಒರಗಿ ನಿಂತಿದ್ದೆ. ಮಾತನಾಡಬಾರದು ಎಂದು ಮೊದಲೇ ಹೇಳಿದ್ದರು, ನನ್ನನ್ನು ಬಲ್ಲವರಾದ್ದರಿಂದ. ಅವರು ಲೆಕ್ಕವನ್ನು ಉರ್ದುವಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಒಬ್ಬೊಬ್ಬಳನ್ನೇ ಕರೆದು ಪಾಟಿ ಕೊಟ್ಟು ಮೂರು ಮೂರು ಲೆಕ್ಕ ಹಾಕಿದರು. ತೋಟದವರ ಹುಡುಗಿ ಎಲ್ಲ ಸರಿ ಮಾಡಿದಳು. ದರ್ಜಿಯವರ ಹುಡುಗಿ ಒಂದನ್ನು ಬಿಟ್ಟು ಉಳಿದದ್ದು ಸರಿ ಮಾಡಿದಳು, ಪಾಸಾಗಲು ಅದು ಸಾಕಾಗಿತ್ತು. ಗೌಡರ ಮನೆಯ ಹುಡುಗಿ ಎಲ್ಲೂ ನೂರನ್ನು ಮರೆಯಲಿಲ್ಲ.

ಗಾಣದವರ ಹುಡುಗಿ ಮೊದಲ ಲೆಕ್ಕವನ್ನು ಹೆದರಿ ಖಾಲಿ ಬಿಟ್ಟಳು. ಎರಡನೆಯದು ಸರಿಯಾಯಿತು. ಉಳಿದದ್ದು ಒಂದೇ ಲೆಕ್ಕ. ಅದು ಸರಿಯಾದರೆ ಪಾಸು, ಇಲ್ಲದಿದ್ದರೆ ನಾಲ್ಕನೇ ಇಯತ್ತೆಗೆ ಬೀಗ. ಸಾಹೇಬರು ಓದಿದರು.

"ಒಂದು ಹಿಂಡಿನಾಗ ಕುರಿ ಇದ್ದವು. ರೋಗ ಬಂದು ಫೀಸದಿ ಹದಿನಾಲ್ಕು ಮತ್ತ ಏಳರಾಗ ಎರಡು ಭಾಗ ಸತ್ತು ಹೋದವು. ಇನ್ನೂರಾ ತೊಂಬತ್ತನಾಲ್ಕು ಉಳದಾವ. ಮೊದಲ ಎಷ್ಟ ಇದ್ದವು?"

ಏಳರ ಭಾಗ! ಮೆಟ್ಟಿಲು ಇಲ್ಲದ ಜಾಗ. ಅದರ ಮೇಲೆ ಉಳಿದದ್ದನ್ನು ಕೊಟ್ಟು ಮೊದಲಿದ್ದದ್ದನ್ನು ಕೇಳುವ ತಿರುವು ಬೇರೆ. ಬ್ರಹ್ಮಪುರದ ಅಕ್ಕೋರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಅವಳ ತುಟಿ ಅಲುಗಿತು. "ಎರಡಾಣೆಕಿಂತ ಸ್ವಲ್ಪ ಹೆಚ್ಚ, ಎರಡಾಣೆ ಎಂಟು ಪೈಕಿಂತ ಕಡಿಮಿ" ಎಂದು ಹೇಳಿಕೊಂಡಳು ಎಂದು ನನಗೆ ದೂರದಿಂದಲೇ ಗೊತ್ತಾಯಿತು. ಆಮೇಲೆ ಬಳಪ ಪಾಟಿ ಮುಟ್ಟಿತು. ಹದಿನಾಲ್ಕನ್ನು ಏಳರಿಂದ ಗುಣಿಸಿ ಎರಡು ಕೂಡಿಸಿದಳು, ನೂರು ಮೇಲೆ ಏಳು ಕೆಳಗೆ. ಅದನ್ನು ನೂರರಿಂದ ಭಾಗಿಸಿದಳು. ಏಳರಲ್ಲೊಂದು ಭಾಗ. ಅಷ್ಟು ಅಂದವಾಗಿ ಅವಳು ಯಾವತ್ತೂ ಮಾಡಿರಲಿಲ್ಲ. ಅಲ್ಲಿಂದ ಮುಂದೆ ಎಡವಿದಳು. ಇನ್ನೂರಾ ತೊಂಬತ್ತನಾಲ್ಕರ ಏಳನೇ ಒಂದು ಭಾಗ ತೆಗೆದು, ನಲವತ್ತೆರಡು ಎಂದು ಬರೆದು, ಎರಡನ್ನೂ ಕೂಡಿಸಿ ಮುನ್ನೂರ ಮೂವತ್ತಾರು ಮಾಡಿದಳು. ಸತ್ತದ್ದು ಮೊದಲಿದ್ದ ಹಿಂಡಿನ ಏಳರಲ್ಲೊಂದು ಭಾಗ, ಉಳಿದ ಹಿಂಡಿನದಲ್ಲ. ಲೆಕ್ಕದಲ್ಲಿ ಪಳಗಿದವರೂ ಬೀಳುವ ಗುಂಡಿ ಅದು. ಸಾಹೇಬರು ಪಾಟಿಗಾಗಿ ಕೈ ಚಾಚಿದರು.

ಅವಳು ಪಾಟಿ ಕೊಡಲಿಲ್ಲ. ಸಾಹೇಬರ ಚಾಚಿದ ಕೈಯ ಎದುರಿಗೇ ಅದನ್ನು ಎದೆಗೆ ಒತ್ತಿಕೊಂಡು, ಮತ್ತೆ ಬಗ್ಗಿ ನೋಡಿ, ಅಂಗೈಯಿಂದ ಪೂರ್ತಿ ಅಳಿಸಿಬಿಟ್ಟಳು.

"ಯಾಕ ಅಳಿಸಿದಿ? ನಾನು ತಪ್ಪು ಅಂದಿಲ್ಲಲ್ಲ" ಎಂದರು ಸಾಹೇಬರು.

"ತಪ್ಪದರಿ." ಅವಳ ದನಿ ಆ ಹಜಾರದಲ್ಲಿ ಎಲ್ಲರಿಗೂ ಕೇಳಿಸಿತು. "ಮುನ್ನೂರಾ ಮೂವತ್ತಾರರಾಗ ನಲವತ್ತೆರಡು ಸತ್ರ ಬರೋಬ್ಬರಿ ಎರಡಾಣೆ ಆಗತದ್ರಿ. ನೀವು ಕೊಟ್ಟಿದ್ದು ಎರಡಾಣೆಕಿಂತ ಸ್ವಲ್ಪ ಹೆಚ್ಚ ಅದ."

ಸಾಹೇಬರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. ಅವಳು ಮತ್ತೆ ಬರೆದಳು. ಏಳು ಪಾಲಿನಲ್ಲಿ ಒಂದು ಪಾಲು ಸತ್ತಿದೆ, ಆರು ಪಾಲು ಉಳಿದಿದೆ. ಆರು ಪಾಲು ಇನ್ನೂರಾ ತೊಂಬತ್ತನಾಲ್ಕಾದರೆ ಒಂದು ಪಾಲು ನಲವತ್ತೊಂಬತ್ತು. ಏಳು ಪಾಲು ಮುನ್ನೂರಾ ನಲವತ್ತಮೂರು. ಬರೆದು, ಮತ್ತೊಮ್ಮೆ ತುಟಿ ಅಲುಗಿಸಿ ಆಣೆಯಲ್ಲಿ ತೂಗಿ ನೋಡಿ, ಈ ಸಲ ತಾನಾಗಿಯೇ ಪಾಟಿ ಮುಂದೆ ಹಿಡಿದಳು.

ಸಾಹೇಬರು ಪಾಟಿ ನೋಡಿದರು, ಅವಳನ್ನು ನೋಡಿದರು, ಗೋಡೆಗೆ ಒರಗಿದ್ದ ನನ್ನನ್ನು ನೋಡಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದೆ. ಅಳು, ನಗು ಎರಡೂ ಒಟ್ಟಿಗೆ ಬಂದರೆ ಹೆಂಗಸರು ಮತ್ತೇನು ಮಾಡಬೇಕು? ಒಂದು ಕೂಗು ಹಾಕಬೇಕು ಎನ್ನಿಸುತ್ತಿತ್ತು. ಹೊರಗೆ ಬಾಗಿಲ ಬಳಿ ಇಣುಕುತ್ತಿದ್ದ ಅಜ್ಜಿ ಪಕ್ಕದಲ್ಲಿ ನಿಂತಿದ್ದ ಗುಮಾಸ್ತನಿಗೆ, "ನಮ್ಮಾಕಿ ಅಕಿ, ನಮ್ಮಾಕಿ" ಎಂದು ಹೇಳುವುದು ಕೇಳಿಸಿತು.

"ಸರಿ ಉತ್ತರ ಬಹಳ ಮಂದಿ ಕೊಟ್ಟಾರ ಉಸ್ತಾನಿಜಿ" ಎಂದರು ಸಾಹೇಬರು. "ತಮ್ಮ ತಪ್ಪು ತಾವೇ ಹಿಡದವರನ್ನ ಈ ಸಾಲ ಇಕಿನ್ನೇ ನೋಡಿದ್ದು. ಹುಡುಗರ ಮದರಸಾ ಎಲ್ಲಾ ತಿರಗೇನಿ."

ಆಮೇಲೆ ನಾಲ್ವರನ್ನೂ ಸಾಲಾಗಿ ನಿಲ್ಲಿಸಿ, ಚೌಥಿ ಜಮಾತ್ ಇರುತ್ತದೆ, ನಾಲ್ವರೂ ಪಾಸು ಎಂದು ಹೇಳಿ ಲೇಖನಿ ಎತ್ತಿಕೊಂಡರು. ತೋಟದವರ ಹುಡುಗಿ ದರ್ಜಿಯವರ ಹುಡುಗಿಯನ್ನು ಚಿವುಟಿದಳು. ಅಷ್ಟರಲ್ಲಿ ಗಾಣದವರ ಹುಡುಗಿ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಹೊಸದಾಗಿ ಸಿಕ್ಕ ದನಿಯನ್ನು ಅವಳು ಇನ್ನೂ ಕೆಳಗಿಟ್ಟಿರಲಿಲ್ಲ.

"ಸಾಹೇಬ್ರ, ನಮ್ಮೂರಾಗ ಐದನೇ ಜಮಾತ್ ಯಾವಾಗ ತೆಗೀತೀರ್ರಿ?"

ಸಾಹೇಬರ ಲೇಖನಿ ಕಾಗದದ ಮೇಲೆ ನಿಂತಿತು. ನನ್ನ ಕಡೆ ತಿರುಗಿ ಹುಬ್ಬೇರಿಸಿದರು, ಇದೂ ನೀವು ಹೇಳಿಕೊಟ್ಟಿದ್ದೇ ಎನ್ನುವಂತೆ. ನಾನು ತಲೆ ಅಲ್ಲಾಡಿಸಿದೆ. ಆ ಒಂದು ಪ್ರಶ್ನೆಯನ್ನು ನಾನು ಹೇಳಿಕೊಟ್ಟಿರಲಿಲ್ಲ.